ಕೆರೆಗೆ ಬಿಟ್ಟ ಮೀನುಮರಿ ಎಲ್ಲ ನೀರುಕಾಗೆಯ ಪಾಲೇ?

ಪ್ರಶ್ನೆ: ಸರ್, ನಮ್ಮದು ಸುರಪುರ ತಾಲ್ಲೂಕಿನ ಒಂದು ಹಳ್ಳಿ. ಊರ ಕೆರೆ ಗುತ್ತಿಗೆ ಹಿಡಿದಿರುವ ಮೀನುಗಾರರ ಸಂಘದಲ್ಲಿ ನಾನೂ ಒಬ್ಬ. ಪ್ರತಿ ಮಳೆಗಾಲ ಕಾಟ್ಲಾ, ರೋಹು ಮರಿ ಬಿಡುತ್ತೇವೆ. ಬಿಟ್ಟ ಮರುದಿನವೇ ಕಪ್ಪು ನೀರುಕಾಗೆಗಳು ಹಿಂಡಾಗಿ ಬಂದು ಮುಳುಗಿ ಮುಳುಗಿ ತಿನ್ನುತ್ತವೆ. ಆಮೇಲೆ ಜಾಲಿ ಗಿಡದ ಮೇಲೆ ರೆಕ್ಕೆ ಬಿಚ್ಚಿಕೊಂಡು ಕೂರುತ್ತವೆ. ಬಾತುಕೋಳಿ ಹೀಗೆ ಕೂರುವುದಿಲ್ಲ. ಇದರ ಮೈಯಲ್ಲಿ ಎಣ್ಣೆ ಇಲ್ಲ ಅಂತಾರೆ, ಖರೇನಾ? ಇವು ನಿಜಕ್ಕೂ ನಮ್ಮ ಮೀನು ಎಷ್ಟು ತಿನ್ನುತ್ತವೆ? ಗೂಡಿರುವ ಗಿಡ ಕಡಿದು ಹಾಕೋಣ ಅಂತ ಕೆಲವರು ಹಟ ಹಿಡಿದಿದ್ದಾರೆ. ಏನು ಮಾಡೋದು?

ಉತ್ತರ: ಗಿಡ ಕಡಿಯುವ ಮಾತನ್ನು ಮೊದಲು ಬದಿಗಿಡಿ. ಹಕ್ಕಿ ಹೊಡೆಯುವುದು, ಮೊಟ್ಟೆ ಒಡೆಯುವುದು, ಗೂಡು ಕೆಡವುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ಗಿಡ ಕಡಿದರೆ ನಿಮ್ಮ ಮರಿಯೂ ಉಳಿಯುವುದಿಲ್ಲ. ನೀರುಕಾಗೆ ರಾತ್ರಿ ಒಂದು ಕಡೆ ತಂಗಿ, ಬೆಳಿಗ್ಗೆ ಇನ್ನೊಂದು ಕಡೆ ಊಟಕ್ಕೆ ಹಾರುವ ಹಕ್ಕಿ. ನಿಮ್ಮ ತಾಲ್ಲೂಕಿನ ಸುತ್ತ ಅದಕ್ಕೆ ಜಾಗಕ್ಕೇನು ಬರ? ಬೋನ್ಹಾಳ ಕೆರೆ ಇದೆ, ಕೃಷ್ಣಾ ನದಿ ಇದೆ, ನಾರಾಯಣಪುರದ ಬಸವಸಾಗರದ ಹಿನ್ನೀರಿದೆ, ಕಾಲುವೆಗಳಿವೆ. ನಿಮ್ಮ ಜಾಲಿ ಗಿಡ ಹೋದರೆ ಅಲ್ಲಿಂದ ಹಾರಿ ಬರುತ್ತವೆ, ಅಷ್ಟೇ.

ಹಾಗಂತ ನಿಮ್ಮ ನಷ್ಟ ಸುಳ್ಳು ಎಂದು ನಾನು ಹೇಳುವುದಿಲ್ಲ. "ಹಕ್ಕಿ ಏನೂ ಹಾಳು ಮಾಡಲ್ಲ" ಅಂತ ನನ್ನಂಥ ಹಕ್ಕಿ ನೋಡುವವರು ಸುಮ್ನೆ ಹೇಳಿಬಿಡುತ್ತಾರೆ. ಕೆರೆಗೆ ದುಡ್ಡು ಹಾಕಿದವನಿಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ನಷ್ಟ ಇದೆ. ಆದರೆ ಅದು ವರ್ಷವಿಡೀ ಆಗುವ ನಷ್ಟ ಅಲ್ಲ. ಮರಿ ಬಿಟ್ಟ ಮೊದಲ ಕೆಲವು ವಾರಗಳಲ್ಲೇ ಅದರಲ್ಲಿ ಬಹುಪಾಲು ಆಗಿಹೋಗುತ್ತದೆ. ಎಷ್ಟು ಆಗಬೇಕು ಅನ್ನುವುದು ನೀವು ಬಿಡುವ ಮರಿ ಎಷ್ಟುದ್ದ ಇದೆ ಅನ್ನುವುದರ ಮೇಲೆ ನಿಂತಿದೆ. ಇದು ಗೊತ್ತಾಗಬೇಕಾದರೆ ಹಕ್ಕಿಯ ಮೈಕಟ್ಟು ಸ್ವಲ್ಪ ತಿಳಿದಿರಬೇಕು.

ನಮ್ಮ ಭಾಗದಲ್ಲಿ ನೀರುಕಾಗೆ ಒಂದಲ್ಲ, ಮೂರು. ಊರ ಕೆರೆಗಳಲ್ಲಿ ಜಾಸ್ತಿ ಕಾಣುವುದು ಸಣ್ಣ ನೀರುಕಾಗೆ. ಮೂತಿಯಿಂದ ಬಾಲದವರೆಗೆ ಅರ್ಧ ಮೀಟರ್, ತೂಕ ಅರ್ಧ ಕಿಲೋ ಒಳಗೆ. ಕೊಕ್ಕು ಗಿಡ್ಡ, ಬಾಲ ಉದ್ದ. ಅದಕ್ಕಿಂತ ಸ್ವಲ್ಪ ದೊಡ್ಡದು ಇನ್ನೊಂದಿದೆ. ಅದರ ಕೊಕ್ಕು ಉದ್ದ, ತೆಳ್ಳಗೆ. ಕಣ್ಣು ನೀಲಿ ಹಸಿರು. ದುರ್ಬೀನಿನಲ್ಲಿ ಕಣ್ಣಿನ ಬಣ್ಣ ಒಂದು ಸಲ ಕಂಡರೆ ಸಾಕು, ಮತ್ತೆ ಗೊಂದಲ ಆಗುವುದಿಲ್ಲ. ಮೂರನೆಯದು ದೊಡ್ಡ ನೀರುಕಾಗೆ. ಎರಡು ಕಿಲೋ ಮೀರಿ ತೂಗುತ್ತದೆ. ಕೊಕ್ಕಿನ ಬುಡದಲ್ಲಿ ಹಳದಿ ಚರ್ಮ, ಅದರ ಹಿಂದೆ ಬಿಳಿ ಗಲ್ಲ. ಇದು ದೊಡ್ಡ ನೀರು ಕೇಳುತ್ತದೆ. ಬಸವಸಾಗರ, ಬೀದರಿನ ಕಾರಂಜಾ ಜಲಾಶಯದಂಥ ಕಡೆ ನೋಡಬೇಕು. ನಿಮ್ಮ ಕೆರೆಗೆ ಬರುವ ಹಿಂಡು ಬಹುಶಃ ಸಣ್ಣದರದ್ದು.

ಇವುಗಳ ಜೊತೆ ಹಾವಕ್ಕಿಯನ್ನೂ ಜನ ನೀರುಕಾಗೆ ಅಂತಲೇ ಕರೆಯುತ್ತಾರೆ. ನೀರಿನಿಂದ ಬರೀ ಕುತ್ತಿಗೆ ಎದ್ದು ಅತ್ತಿತ್ತ ಓಲಾಡುತ್ತಿದ್ದರೆ ಅದು ಹಾವಕ್ಕಿ. ಅದರ ಕೊಕ್ಕು ನೇರ, ಚೂಪು. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಾಗಿ ಬಾಗಿರುತ್ತದೆ. ಕೊಕ್ಕೆ ಇರುವುದು ಮೀನು ಹಿಡಿಯುತ್ತದೆ, ಚೂಪು ಇರುವುದು ಮೀನು ಚುಚ್ಚುತ್ತದೆ. ಹಾವಕ್ಕಿಯ ಕುತ್ತಿಗೆಯ ಎಂಟನೇ ಮೂಳೆಯ ಹತ್ತಿರ ಒಂದು ಗೂನು ಇದೆ. ಅಲ್ಲಿ ಕುತ್ತಿಗೆ ಮಡಚಿಕೊಂಡು, ಒಮ್ಮೆಲೇ ಬಿಟ್ಟು, ಮೀನಿನ ಪಕ್ಕೆಗೆ ತಿವಿಯುತ್ತದೆ. ಮೇಲೆ ಬಂದು ಮೀನನ್ನು ಗಾಳಿಗೆ ಚಿಮ್ಮಿ ತಲೆಕಡೆಯಿಂದ ನುಂಗುತ್ತದೆ. ನೋಡಲು ಬಲು ಚಂದ. ನಿಮ್ಮ ಲೆಕ್ಕಕ್ಕೆ ಮಾತ್ರ ಅದನ್ನು ಬಿಟ್ಟುಬಿಡಿ. ಅದು ಹಿಂಡು ಕಟ್ಟಿ ಬೇಟೆಯಾಡುವುದಿಲ್ಲ.

ಈಗ ರೆಕ್ಕೆ ಬಿಚ್ಚುವ ವಿಷಯ. ಎಣ್ಣೆ ಇಲ್ಲ ಅನ್ನುವ ಮಾತು ಎಲ್ಲ ಕಡೆ ಇದೆ, ಪುಸ್ತಕಗಳಲ್ಲೂ ಇತ್ತು. ಅದು ಸರಿಯಲ್ಲ. ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಬಾತಿಗೆ ಇರುವ ಹಾಗೆ ನೀರುಕಾಗೆಗೂ ಇದೆ. ಕೊಕ್ಕಿನಿಂದ ಅದನ್ನು ಒತ್ತಿ ಗರಿಗೆ ಹಚ್ಚಿಕೊಳ್ಳುವುದನ್ನು ನಿಮ್ಮ ಜಾಲಿ ಗಿಡದಲ್ಲೇ ನೋಡಬಹುದು. ವ್ಯತ್ಯಾಸ ಇರುವುದು ಗರಿಯ ನೇಯ್ಗೆಯಲ್ಲಿ.

ಗಿಡದ ಕೆಳಗೆ ಉದುರಿದ ಎದೆಯ ಗರಿ ಒಂದು ಸಿಕ್ಕರೆ ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ. ನಡುಭಾಗ ಒತ್ತಾಗಿದೆ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಂಚಿನ ಕಡೆ ಎಳೆಗಳು ಸಡಿಲ, ಬಿಡಿಬಿಡಿ. ಒಂದು ಹನಿ ನೀರು ಹಾಕಿ. ನಡುಭಾಗದಲ್ಲಿ ಹನಿ ಉರುಳುತ್ತದೆ, ಅಂಚಿನಲ್ಲಿ ಹೀರಿಕೊಳ್ಳುತ್ತದೆ. ದೊಡ್ಡ ನೀರುಕಾಗೆಯ ಗರಿಗಳನ್ನು ಪರೀಕ್ಷಿಸಿ ವಿಜ್ಞಾನಿಗಳು 2005ರಲ್ಲಿ ಇದನ್ನೇ ಪ್ರಕಟಿಸಿದರು. ಒಂದೇ ಗರಿಯ ಹೊರಭಾಗ ಮುಳುಗಿದ ಕೂಡಲೇ ತೊಯ್ಯುತ್ತದೆ, ಒಳಭಾಗ ತೊಯ್ಯುವುದಿಲ್ಲ. ಮಳೆ ಅಂಗಿಯ ಮೇಲೆ ಒಂದು ಹತ್ತಿ ಅಂಗಿ ಹಾಕಿಕೊಂಡ ಹಾಗೆ. ಮೈಗಂಟಿದ ಗಾಳಿಯ ತೆಳು ಪದರ ಉಳಿಯುತ್ತದೆ, ಮೈ ಬೆಚ್ಚಗಿರುತ್ತದೆ. ಹೊರಗಿನ ಗಾಳಿ ಮಾತ್ರ ಹೊರಟು ಹೋಗುತ್ತದೆ.

ಇದರಿಂದ ಹಕ್ಕಿಗೆ ಏನು ಲಾಭ? ಗಾಳಿ ಜಾಸ್ತಿ ಇದ್ದರೆ ಮೈ ತೇಲುತ್ತದೆ. ಬಾತಿನ ಗರಿಗಳ ಒಳಗೆ ಗಾಳಿ ತುಂಬಿರುತ್ತದೆ, ಅದಕ್ಕೇ ಅದು ನೀರಿನ ಮೇಲೆ ಎತ್ತರಕ್ಕೆ ಕೂತಿರುತ್ತದೆ. ನೀರುಕಾಗೆ ಈಜುವಾಗ ಬೆನ್ನು ನೀರಿನ ಮಟ್ಟಕ್ಕೇ ಇರುತ್ತದೆ, ಕುತ್ತಿಗೆ ಮತ್ತು ತಲೆ ಮಾತ್ರ ಮೇಲೆ. ತೇಲುವುದು ಕಡಿಮೆಯಾದಷ್ಟು ಮುಳುಗುವುದಕ್ಕೆ ಶ್ರಮ ಕಡಿಮೆ. ಕಾಲಿನ ನಾಲ್ಕೂ ಬೆರಳಿಗೆ ಸೇರಿ ಒಂದೇ ಚರ್ಮದ ಪರದೆ ಇದೆ. ಬಾತಿಗೆ ಮುಂದಿನ ಮೂರು ಬೆರಳಿಗೆ ಮಾತ್ರ. ರೆಕ್ಕೆ ಮೈಗೆ ಒತ್ತಿಕೊಂಡು, ಎರಡೂ ಕಾಲು ಒಟ್ಟಿಗೆ ಹಿಂದಕ್ಕೆ ಒದ್ದು, ನೀರಿನೊಳಗೆ ಮೀನಿನ ಹಿಂದೆ ಓಡುತ್ತದೆ. ದೊಡ್ಡ ನೀರುಕಾಗೆಯ ಮೂಗಿನ ಹೊಳ್ಳೆಗಳಂತೂ ಮರಿ ಬೆಳೆಯುವಷ್ಟರಲ್ಲಿ ಮುಚ್ಚಿಹೋಗುತ್ತವೆ. ಉಸಿರು ಬಾಯಿಂದಲೇ. ಅಂದರೆ ತೊಯ್ಯುವುದು ಈ ಹಕ್ಕಿಯ ಕೊರತೆ ಅಲ್ಲ, ಅದರ ಬೇಟೆಯ ಸಲಕರಣೆ.

ಅದಕ್ಕೆ ತೆರಬೇಕಾದ ಬೆಲೆಯೇ ಗಿಡದ ಮೇಲಿನ ಆ ಕೂರುವಿಕೆ. ರೆಕ್ಕೆಯ ದೊಡ್ಡ ಗರಿಗಳೂ ತೊಯ್ದಿರುತ್ತವೆ. ಒದ್ದೆ ರೆಕ್ಕೆಯ ಭಾರದಲ್ಲಿ ಹಾರುವುದು ಕಷ್ಟ. ನೀರಿನಿಂದ ಏಳುವಾಗ ಇವು ಎಷ್ಟು ದೂರ ನೀರಿನ ಮೇಲೆ ಕಾಲು ಬಡಿಯುತ್ತ ಓಡುತ್ತವೆ, ನೀವೇ ನೋಡಿದ್ದೀರಿ. ರೆಕ್ಕೆ ಬಿಚ್ಚುವುದು ಬಿಸಿಲು ಕಾಯಿಸಿಕೊಳ್ಳಲು, ಹೊಟ್ಟೆಗೆ ಹೋದ ತಣ್ಣನೆ ಮೀನನ್ನು ಬೆಚ್ಚಗೆ ಮಾಡಲು ಎಂಬ ವಾದಗಳೂ ಇವೆ. ತಣ್ಣನೆ ದೇಶಗಳಲ್ಲಿ ಇದ್ದರೂ ಇರಬಹುದು. ಏಪ್ರಿಲ್ ಮೇ ತಿಂಗಳಲ್ಲಿ 42, 43 ಡಿಗ್ರಿ ಸುಡುವ ಯಾದಗಿರಿ ಕಲಬುರಗಿಯಲ್ಲಿ ಯಾವ ಹಕ್ಕಿಗೆ ಮೈ ಕಾಯಿಸಿಕೊಳ್ಳುವ ಚಪಲ? ಒಣಗಿಸಿಕೊಳ್ಳಲು ಅನ್ನುವುದೇ ನನಗೆ ಒಪ್ಪಿಗೆಯಾಗುವ ಮಾತು. ಗಾಳಿ ಜೋರಿದ್ದ ದಿನ ಬೇಗ ರೆಕ್ಕೆ ಮಡಚುತ್ತವೆ. ಮಳೆ ಬೀಳುತ್ತಿದ್ದರೆ ಬಿಚ್ಚುವುದೇ ಇಲ್ಲ. ಬೇಸಿಗೆಯ ಮಧ್ಯಾಹ್ನ ನೋಡಿ, ಬಾಯಿ ತೆರೆದುಕೊಂಡು ಗಂಟಲ ಚರ್ಮವನ್ನು ಪಟಪಟ ನಡುಗಿಸುತ್ತಿರುತ್ತವೆ. ಬೆವರಲು ಬಾರದ ಹಕ್ಕಿ ಮೈ ತಣಿಸಿಕೊಳ್ಳುವ ರೀತಿ ಅದು.

ಹಾವಕ್ಕಿಗೆ ಈ ಕಷ್ಟ ಇನ್ನೂ ಜಾಸ್ತಿ. ಅದರ ಗರಿ ಪೂರ್ತಿ ತೊಯ್ಯುತ್ತದೆ, ಹಾಗಾಗಿ ಅದು ಗಂಟೆಗಟ್ಟಲೆ ಕೂರುತ್ತದೆ.

ಇನ್ನು ಮುಖ್ಯ ಮಾತಿಗೆ ಬರೋಣ. ನೀರಿನೊಳಗೆ ಈ ಹಕ್ಕಿಗೆ ಹದ್ದಿನ ಕಣ್ಣಿದೆ ಎಂದು ಎಲ್ಲರೂ ನಂಬಿದ್ದರು. ಬ್ರಿಟನ್ನಿನ ಸಂಶೋಧಕರು ದೊಡ್ಡ ನೀರುಕಾಗೆಯನ್ನು ಪರೀಕ್ಷಿಸಿ 2007ರಲ್ಲಿ ಬೇರೆಯೇ ಮಾತು ಹೇಳಿದರು. ನೀರಿನೊಳಗೆ ಅದರ ದೃಷ್ಟಿ ಅಷ್ಟಕ್ಕಷ್ಟೆ. ಕನ್ನಡಕ ಇಲ್ಲದೆ ನಾವು ನೀರಿನೊಳಗೆ ಕಣ್ಣು ಬಿಟ್ಟರೆ ಎಷ್ಟು ಕಾಣುತ್ತದೋ ಹೆಚ್ಚು ಕಡಿಮೆ ಅಷ್ಟೇ. ದೂರದ ಮೀನನ್ನು ಗುರಿಯಿಟ್ಟು ಬೆನ್ನಟ್ಟುವುದಿಲ್ಲ. ಮೀನಿರುವ ಜಾಗಕ್ಕೆ ನುಗ್ಗಿ, ಗಾಬರಿಯಿಂದ ಮೂತಿಯ ಮುಂದೆಯೇ ಎದ್ದ ಮೀನಿಗೆ ಕುತ್ತಿಗೆ ಚಾಚಿ ಬಾಯಿ ಹಾಕುತ್ತದೆ. ನಮ್ಮ ಎರೆಮಣ್ಣಿನ ಕೆರೆಗಳಲ್ಲಿ ಮಳೆಗಾಲದ ನೀರು ರಾಡಿಯಾಗಿರುತ್ತದೆ, ಮೊಣಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಅಂಥ ನೀರಿನಲ್ಲೂ ಇವು ಹೊಟ್ಟೆ ತುಂಬಿಸಿಕೊಳ್ಳುವ ಗುಟ್ಟು ಇದೇ ಇರಬೇಕು.

ಹೀಗೆ ಬೇಟೆಯಾಡುವ ಹಕ್ಕಿಗೆ ಯಾವ ಮೀನು ಸುಲಭ? ಒತ್ತಾಗಿ ಗುಂಪುಗೂಡಿದ್ದು, ಜಾಗ ಹೊಸದಾಗಿ ಅಡಗಲು ತಿಳಿಯದ್ದು, ಗಂಟಲಿಗೆ ಹಿಡಿಸುವಷ್ಟು ಸಣ್ಣದು. ಈ ಮೂರೂ ಗುಣ ನೀವು ಚೀಲ ಬಿಚ್ಚಿ ಏರಿಯ ಬುಡದಲ್ಲಿ ಸುರಿದ ಮರಿಗಳಿಗೆ ಇವೆ.

ಹಿಂಡಿನ ಬೇಟೆಯನ್ನು ಒಮ್ಮೆ ಏರಿಯ ಮೇಲೆ ಕೂತು ಪೂರ್ತಿ ನೋಡಿ. ಬೆಳಿಗ್ಗೆ ನಲವತ್ತು ಐವತ್ತು ಹಕ್ಕಿ ಒಂದೇ ಮುಖವಾಗಿ ಸಾಲು ಹಿಡಿದು ಸಾಗುತ್ತವೆ. ಮುಂದಿನವು ಮುಳುಗುತ್ತವೆ. ಹಿಂದೆ ಬಿದ್ದವು ಹಾರಿ ಅವುಗಳನ್ನು ದಾಟಿ ಮುಂದೆ ಬಿದ್ದು ಮುಳುಗುತ್ತವೆ. ಅಷ್ಟರಲ್ಲಿ ಮೊದಲಿನವು ಮೇಲೆದ್ದು ಹಿಂದಾಗಿರುತ್ತವೆ, ಅವೂ ಹಾರಿ ಮುಂದೆ ಹೋಗುತ್ತವೆ. ಸಾಲು ಹೀಗೆ ಉರುಳುತ್ತ ದಂಡೆಯ ಕಡೆ ಬರುತ್ತದೆ, ಮೀನು ಅದರ ಮುಂದೆ ಓಡುತ್ತದೆ. ದಂಡೆಯ ತೆಳು ನೀರಿನಲ್ಲಿ ಬೆಳ್ಳಕ್ಕಿಗಳು ಮೊದಲೇ ಬಂದು ನಿಂತಿರುತ್ತವೆ. ಈಚೆ ಓಡಿದ ಮೀನು ಬೆಳ್ಳಕ್ಕಿಗೆ, ಆಚೆ ತಿರುಗಿದ್ದು ನೀರುಕಾಗೆಗೆ. ಮೇಲೆ ಒಂದೆರಡು ಹದ್ದು ಸುತ್ತುತ್ತಿರುತ್ತವೆ, ಬಾಯಲ್ಲಿದ್ದದ್ದನ್ನು ಕಿತ್ತುಕೊಳ್ಳಲು. ಇದನ್ನು ನೋಡಿದವರು ಕೆರೆಯಲ್ಲಿ ಇನ್ನು ಮೀನೇ ಉಳಿಯಲಿಲ್ಲ ಅಂದುಕೊಳ್ಳುತ್ತಾರೆ. ಗದ್ದಲ ಅಷ್ಟಿರುತ್ತದೆ. ಲೆಕ್ಕ ಹಾಕಿ ನೋಡೋಣ.

ನೀರುಕಾಗೆ ದಿನಕ್ಕೆ ತನ್ನ ತೂಕದ ಐದು ಆರರಲ್ಲಿ ಒಂದು ಪಾಲು ಮೀನು ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಸಣ್ಣ ನೀರುಕಾಗೆಗೆ ಸುಮಾರು 80 ಗ್ರಾಂ ಆಯಿತು. ನಿಮ್ಮ ಕೆರೆಗೆ 40 ಹಕ್ಕಿ ಬಂದವು ಅನ್ನಿ. ದಿನಕ್ಕೆ 3,200 ಗ್ರಾಂ. ಅದರಲ್ಲಿ ಅರ್ಧ ನೀವು ಬಿಟ್ಟ ಮರಿ, ಇನ್ನರ್ಧ ಕೆರೆಯಲ್ಲಿ ತಾನಾಗಿ ಹುಟ್ಟಿದ ಪುಡಿಮೀನು, ಕಪ್ಪೆ, ಸೀಗಡಿ ಅಂತ ಲೆಕ್ಕಕ್ಕೆ ಹಿಡಿಯೋಣ. ನಿಮ್ಮ ಪಾಲಿನದು 1,600 ಗ್ರಾಂ.

ಐದು ಸೆಂಟಿಮೀಟರ್ ರೋಹು ಮರಿ ಒಂದೂವರೆ ಗ್ರಾಂ ತೂಗುತ್ತದೆ. ಆಗ ದಿನಕ್ಕೆ ಸಾವಿರದ ಮೇಲೆ ಮರಿ ಹೋಯಿತು. ಹದಿನೈದು ದಿನಕ್ಕೆ ಹದಿನಾರು ಸಾವಿರ! ಈಗ ಹತ್ತು ಸೆಂಟಿಮೀಟರಿನ ಮರಿ ತೆಗೆದುಕೊಳ್ಳಿ. ಉದ್ದ ಎರಡರಷ್ಟಾದರೆ ತೂಕ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ಹೆಚ್ಚುತ್ತವಲ್ಲ. ಒಂದೊಂದು 12 ಗ್ರಾಂ. ಅದೇ 1,600 ಗ್ರಾಮಿಗೆ 130 ಮರಿ ಸಾಕು. ಹದಿನೈದು ದಿನಕ್ಕೆ ಎರಡು ಸಾವಿರ. ಅದೂ ಹಕ್ಕಿಗೆ ಸಿಕ್ಕರೆ. ಹತ್ತು ಸೆಂಟಿಮೀಟರಿನ ಮರಿ ಓಡುವ ವೇಗ ಬೇರೆ. ಕಾಟ್ಲಾ ಆದರಂತೂ ಮೈ ಅಗಲ, ಸಣ್ಣ ನೀರುಕಾಗೆಯ ಬಾಯಿಗೆ ಬೇಗ ದೊಡ್ಡದಾಗಿಬಿಡುತ್ತದೆ.

ಹೀಗಾಗಿ ಎಣಿಕೆ ನೋಡಿ ಮರಿ ಕೊಳ್ಳಬೇಡಿ, ಉದ್ದ ನೋಡಿ ಕೊಳ್ಳಿ. ಸಂಘಗಳಲ್ಲಿ "ಈ ಸಲ ಐವತ್ತು ಸಾವಿರ ಬಿಟ್ಟೆವು" ಅಂತ ಎಣಿಕೆ ಹೇಳುವುದೇ ರೂಢಿ. ಮರಿ ಎಷ್ಟುದ್ದ ಇತ್ತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಉಗುರುದ್ದದ ಮರಿಯನ್ನು ದೊಡ್ಡ ಕೆರೆಗೆ ಸುರಿದರೆ ತಿನ್ನಲು ನೀರುಕಾಗೆ ಒಂದೇ ಏಕೆ, ಕೊರವ ಮೀನಿದೆ, ನೀರುಹಾವಿದೆ, ಬೆಳ್ಳಕ್ಕಿ ಇದೆ. ಹಕ್ಕಿ ಕಣ್ಣಿಗೆ ಕಾಣುತ್ತದೆ, ಬೈಗುಳ ಅದಕ್ಕೆ. ನೀರಿನೊಳಗೆ ಕೊರವ ರಾತ್ರಿ ಹಗಲು ತಿನ್ನುವುದನ್ನು ಯಾರು ನೋಡಿದ್ದಾರೆ?

ಬೆರಳುದ್ದದ ಮರಿ ದುಬಾರಿ, ಗೊತ್ತು. ಬೇಕಾದಷ್ಟು ಸಿಗುವುದೂ ಇಲ್ಲ. ಆಗ ಸಣ್ಣ ಮರಿಯನ್ನೇ ತಂದು ನೀವೇ ಬೆಳೆಸಿ. ಕೆರೆಯ ಒಂದು ಮೂಲೆಯಲ್ಲಿ, ಸೊಂಟದಿಂದ ಎದೆಮಟ್ಟದ ನೀರಿನಲ್ಲಿ, ಗೂಟ ನೆಟ್ಟು ಸಣ್ಣ ಕಣ್ಣಿನ ಬಲೆಯ ಹಾಪ, ಅಂದರೆ ತೊಟ್ಟಿಯಂಥ ಬಲೆಯ ಚೀಲ, ಕಟ್ಟಿ. ಮೇಲೂ ಬಲೆ ಹೊದಿಸಿ. ಶೇಂಗಾ ಹಿಂಡಿ ಪುಡಿ, ಅಕ್ಕಿ ತೌಡು ಸಮಸಮ ಬೆರೆಸಿ ದಿನಕ್ಕೆರಡು ಸಲ ಹಾಕಿ. ಹಾಪದ ಕಣ್ಣಿಗೆ ಪಾಚಿ ಕಟ್ಟಿಕೊಂಡರೆ ನೀರು ಆಡುವುದಿಲ್ಲ, ಆಗಾಗ ಬ್ರಷ್‌ನಿಂದ ತಿಕ್ಕಬೇಕು. ಎರಡು ಮೂರು ತಿಂಗಳಲ್ಲಿ ಮರಿ ಬೆರಳುದ್ದ ಆಗುತ್ತದೆ. ಊರಲ್ಲಿ ಕೃಷಿ ಹೊಂಡ ಇರುವವರು ಸಂಘದಲ್ಲಿದ್ದರೆ ಅದೂ ಆಗುತ್ತದೆ. ಹೊಂಡದ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿದರೆ ಸಾಕಷ್ಟು ಹಕ್ಕಿ ತಡೆಯುತ್ತದೆ. ನೀರಿನಿಂದ ಏಳಲು ಓಡಬೇಕಾದ ಹಕ್ಕಿ ಹಗ್ಗದ ಅಡ್ಡಿ ಇರುವ ಸಣ್ಣ ನೀರಿಗೆ ಇಳಿಯಲು ಹಿಂಜರಿಯುತ್ತದೆ.

ಬಿಡುವ ಹೊತ್ತೂ ಮುಖ್ಯ. ನೀರುಕಾಗೆ ಹಗಲಿನ ಹಕ್ಕಿ. ಸಂಜೆ ಹೊತ್ತು ಮುಳುಗುವ ಮುಂಚೆ ತಂಗುವ ಗಿಡಕ್ಕೆ ಹೋಗಿಬಿಡುತ್ತದೆ. ಅದು ಹೋದ ಮೇಲೆ ಬಿಡಿ. ಮರಿಗೆ ಚದುರಲು ಒಂದು ರಾತ್ರಿ ಸಿಗುತ್ತದೆ. ಚೀಲವನ್ನು ಕಾಲು ಗಂಟೆ ಇಪ್ಪತ್ತು ನಿಮಿಷ ಕೆರೆಯ ನೀರಿನಲ್ಲೇ ತೇಲಿಬಿಟ್ಟು, ಆಮೇಲೆ ಕೆರೆ ನೀರನ್ನು ಸ್ವಲ್ಪ ಸ್ವಲ್ಪ ಚೀಲಕ್ಕೆ ಸೇರಿಸಿ, ಮರಿ ತಾನಾಗಿ ಈಜಿ ಹೊರಗೆ ಹೋಗಲು ಬಿಡಿ. ಬಿಸಿಲಲ್ಲಿ ಬಂದ ಮರಿಯನ್ನು ತಣ್ಣನೆ ನೀರಿಗೆ ಒಮ್ಮೆಲೇ ಸುರಿದರೆ ಅದು ಮಂಕಾಗಿ ಮೇಲೆ ತೇಲುತ್ತದೆ. ಆ ಮರಿ ಹಕ್ಕಿಗೆ ತಟ್ಟೆಯಲ್ಲಿಟ್ಟ ಊಟ. ಒಂದೇ ಕಡೆ ಬೇಡ. ತೆಪ್ಪದಲ್ಲಿ ಹೋಗಿ ಜೊಂಡು ಇರುವ ಕಡೆ, ಮುಳುಗಿದ ಗಿಡದ ಬುಡದಲ್ಲಿ, ನಾಲ್ಕಾರು ಜಾಗದಲ್ಲಿ ಬಿಡಿ. ಜೊಂಡು ಪೂರ್ತಿ ಕಿತ್ತು ಕೆರೆ ಸ್ವಚ್ಛ ಮಾಡಿಸುವ ಹುಮ್ಮಸ್ಸು ಈಗ ಎಲ್ಲ ಕಡೆ ಇದೆ. ಮರಿಗೆ ಅಡಗುವ ಜಾಗ ಅದೇ, ನೆನಪಿಡಿ.

ಪಟಾಕಿ ಹೊಡೆಯಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಮೂರು ನಾಲ್ಕು ದಿನ ಓಡುತ್ತವೆ, ಆಮೇಲೆ ಸದ್ದಿಗೆ ಒಗ್ಗಿಕೊಳ್ಳುತ್ತವೆ. ಗೂಡು ಕಟ್ಟಿರುವಾಗ ಮಾತ್ರ ಬೇಡವೇ ಬೇಡ. ಮೀನುಮರಿ ಬಿಟ್ಟ ಮೊದಲ ವಾರ ಬೆಳಿಗ್ಗೆ ಒಬ್ಬರು ತೆಪ್ಪದಲ್ಲಿ ಸುಮ್ಮನೆ ಓಡಾಡಿದರೆ ಪಟಾಕಿಗಿಂತ ಚೆನ್ನಾಗಿ ಕೆಲಸ ಆಗುತ್ತದೆ.

ಈ ಹಕ್ಕಿ ಏನು ತಿಂದಿದೆ ಎಂದು ನಿಮ್ಮ ಕೆರೆಯಲ್ಲೇ ನೋಡಿಕೊಳ್ಳುವ ದಾರಿ ಒಂದಿದೆ. ನೀರುಕಾಗೆ ಮೀನನ್ನು ಇಡಿಯಾಗಿ ನುಂಗುತ್ತದೆ, ತಲೆ ಮೊದಲು. ಹಾಗೆ ನುಂಗಿದರೆ ರೆಕ್ಕೆ ಮುಳ್ಳು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಗಂಟಲಿಗೆ ಚುಚ್ಚುವುದಿಲ್ಲ. ಅರಗದ ಮೂಳೆ, ಪೊರೆಗಳನ್ನು ಲೋಳೆಯಲ್ಲಿ ಸುತ್ತಿ ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುತ್ತದೆ. ತಂಗುವ ಗಿಡದ ಕೆಳಗೆ ಬೆಳ್ಳಗಿನ ಹಿಕ್ಕೆಯ ನಡುವೆ ಈ ಉಂಡೆ ಸಿಗುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಗ್ಲೌಸ್ ಹಾಕಿಕೊಂಡು, ಒಂದಷ್ಟು ಆರಿಸಿ ನೀರಿನ ಬಟ್ಟಲಲ್ಲಿ ಬಿಡಿಸಿ. ಕಾಟ್ಲಾ, ರೋಹು, ಗೆಂಡೆ ಜಾತಿಯ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆ ಗಂಟಲ ಮೂಳೆ ಕರಗದೆ ಉಳಿದಿರುತ್ತದೆ, ಹಲ್ಲಿನ ಸಾಲೂ ಕಾಣುತ್ತದೆ. ಕೆರೆಯ ಸಣ್ಣ ಪಕ್ಕೆ ಮೀನೂ ಅದೇ ಕುಲದ್ದು, ಅದಕ್ಕೆ ಎರಡರ ಗಂಟಲ ಮೂಳೆಯನ್ನೂ ಮೊದಲು ಅಡುಗೆ ಮನೆಯಲ್ಲೇ ತೆಗೆದು ಇಟ್ಟುಕೊಂಡು ಹೋಲಿಸಿ ನೋಡಬೇಕು. ತಿಲಾಪಿಯಾ ಆದರೆ ಬೆನ್ನಿನ ಗಟ್ಟಿ ಮುಳ್ಳುಗಳು ಸಿಗುತ್ತವೆ. ಕಿವಿಯೊಳಗಿನ ಸಣ್ಣ ಕಲ್ಲುಗಳನ್ನು ನೋಡಿ ಮೀನಿನ ಜಾತಿ, ಗಾತ್ರ ಹೇಳುವವರಿದ್ದಾರೆ. ನಿಮಗೆ ಅಷ್ಟು ಬೇಡ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಒಂದು ಡಬ್ಬಿ ಕೊಟ್ಟು ನೋಡಿ, ಹುಡುಗರಿಗೆ ಒಳ್ಳೆ ಪ್ರಾಜೆಕ್ಟ್ ಆಗುತ್ತದೆ.

ಉಂಡೆಯಲ್ಲಿ ತಿಲಾಪಿಯಾ ಮುಳ್ಳು ಜಾಸ್ತಿ ಸಿಕ್ಕರೆ ಹಕ್ಕಿಗೆ ಬೈಯಬೇಡಿ. ತಿಲಾಪಿಯಾ ಸಣ್ಣದಿರುವಾಗಲೇ ಮರಿ ಹಾಕಲು ಶುರು ಮಾಡುತ್ತದೆ, ಕೆರೆ ತುಂಬಿಕೊಳ್ಳುತ್ತದೆ, ನಿಮ್ಮ ಗೆಂಡೆಗಳ ಮೇವು ತಿನ್ನುತ್ತದೆ. ಅದನ್ನು ಬಿಟ್ಟಿಯಾಗಿ ಕಡಿಮೆ ಮಾಡುವವರು ಬೇರೆ ಯಾರಿದ್ದಾರೆ?

ಬಾಯಿಯ ಅಳತೆಯ ಮಾತು ಹೇಳಿದೆನಲ್ಲ, ಅದನ್ನು ಮನುಷ್ಯರೂ ಬಳಸಿಕೊಂಡಿದ್ದಾರೆ. ಜಪಾನಿನ ಗಿಫು ಊರಿನ ನಾಗರಾ ನದಿಯಲ್ಲಿ ನೀರುಕಾಗೆಗಳನ್ನು ಪಳಗಿಸಿ ಮೀನು ಹಿಡಿಸುವ ಪದ್ಧತಿ 1,300 ವರ್ಷದಿಂದ ಇದೆ ಎನ್ನುತ್ತಾರೆ. ಹಕ್ಕಿಯ ಕುತ್ತಿಗೆಗೆ ದಾರ ಕಟ್ಟಿರುತ್ತಾರೆ. ಸಣ್ಣ ಮೀನು ದಾರ ದಾಟಿ ಹೊಟ್ಟೆಗೆ ಹೋಗುತ್ತದೆ, ಅದು ಹಕ್ಕಿಯ ಕೂಲಿ. ದೊಡ್ಡದು ಗಂಟಲಲ್ಲೇ ನಿಲ್ಲುತ್ತದೆ, ಅದನ್ನು ದೋಣಿಯವನು ಕಕ್ಕಿಸಿಕೊಳ್ಳುತ್ತಾನೆ.

ಗೂಡಿನ ಗಿಡಗಳ ಬಗ್ಗೆ ಎರಡು ಮಾತು. ನೀರು ನಿಂತ ಜಾಲಿ ಗಿಡ ಇವಕ್ಕೆ ಬಲು ಇಷ್ಟ. ಸುತ್ತ ನೀರಿದ್ದರೆ ಬೆಕ್ಕು, ನಾಯಿ, ಮನುಷ್ಯ ಯಾರೂ ಹತ್ತಿರ ಬರುವುದಿಲ್ಲ. ಮಳೆ ಹೇಗಾಯಿತು, ಕೆರೆ ಎಷ್ಟು ತುಂಬಿತು ನೋಡಿಕೊಂಡು ಸಂಸಾರ ಹೂಡುತ್ತವೆ. ಕಡ್ಡಿಯ ಗೂಡು. ಮೂರರಿಂದ ಐದು ಮೊಟ್ಟೆ, ನೀಲಿ ಹಸಿರು ಬಣ್ಣದ ಮೇಲೆ ಸುಣ್ಣ ಬಳಿದಂಥ ಪದರ. ಕೋಳಿಗೆ ಕಾವು ಕೊಡಲು ಹೊಟ್ಟೆಯ ಮೇಲೆ ಗರಿ ಉದುರಿದ ಬೆಚ್ಚನೆ ಜಾಗ ಇರುತ್ತದೆ. ನೀರುಕಾಗೆಗೆ ಅದಿಲ್ಲ. ಈಜುವ ಅದೇ ಪಾದದ ಪರದೆಯ ಮೇಲೆ ಮೊಟ್ಟೆ ಇಟ್ಟುಕೊಂಡು, ಮೇಲೆ ಹೊಟ್ಟೆ ಒತ್ತಿ ಕೂರುತ್ತದೆ. ಗಂಡು ಹೆಣ್ಣು ಸರದಿಯಲ್ಲಿ. ಹುಟ್ಟಿದ ಮರಿಗೆ ಮೈಮೇಲೆ ಗರಿ ಇಲ್ಲ, ಸಣ್ಣ ನೀರುಕಾಗೆಯ ಮರಿಯದಾದರೆ ಬೋಳು ಕೆಂಪು ತಲೆ. ಅದು ತಾಯಿ ತಂದೆಯ ಬಾಯೊಳಗೆ ತಲೆ ತೂರಿಸಿ, ಗಂಟಲಿನಿಂದಲೇ ಅರ್ಧ ಅರಗಿದ ಮೀನು ತೆಗೆದು ತಿನ್ನುತ್ತದೆ. ಮೊದಲ ಸಲ ನೋಡಿದವರು ಮರಿಯನ್ನೇ ನುಂಗುತ್ತಿದೆ ಅಂತ ಗಾಬರಿ ಬೀಳುತ್ತಾರೆ.

ಈ ಹೊತ್ತಿನಲ್ಲಿ ಗಿಡದ ಹತ್ತಿರ ತೆಪ್ಪ ಒಯ್ಯಬೇಡಿ. ಹೆದರಿದ ಮರಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕುತ್ತದೆ, ಸ್ವಲ್ಪ ಬೆಳೆದದ್ದಾದರೆ ನೀರಿಗೇ ಹಾರುತ್ತದೆ. ಕಕ್ಕಿದ ಊಟವನ್ನು ತುಂಬಿಸಲು ಅಪ್ಪ ಅಮ್ಮ ಮತ್ತೆ ಬೇಟೆಗೆ ಹೋಗಬೇಕು. ಅಂದರೆ ನಿಮ್ಮ ಕೆರೆಯಿಂದ ಇನ್ನಷ್ಟು ಮೀನು! ಗೂಡಿನ ಕೆಳಗೆ ಬೀಳುವ ಹಿಕ್ಕೆ ಗಿಡವನ್ನು ಸುಡುತ್ತದೆ, ವರ್ಷಗಳು ಕಳೆದಂತೆ ಕೆಲವು ಗಿಡ ಒಣಗುವುದೂ ಉಂಟು. ಆದರೆ ನೀರಿಗೆ ಬಿದ್ದದ್ದು ಗೊಬ್ಬರ. ಸಗಣಿ ಹಾಕಿ ನೀವು ಬೆಳೆಸುವ ಕಣ್ಣಿಗೆ ಕಾಣದ ಆ ಮೇವು ಇದರಿಂದಲೂ ಬೆಳೆಯುತ್ತದೆ. ಇದನ್ನು ದೊಡ್ಡ ಲಾಭ ಅಂತ ನಾನು ಮಾರಲು ಹೊರಟಿಲ್ಲ, ಲೆಕ್ಕದ ಈ ಕಡೆಯೂ ಒಂದಿಷ್ಟು ಇದೆ ಅಂತ ಮಾತ್ರ ಹೇಳುತ್ತಿದ್ದೇನೆ.

ಹಕ್ಕಿಯ ಜೊತೆ ಕೆರೆ ಹಂಚಿಕೊಳ್ಳುವುದು ನಿಮ್ಮ ತಾಲ್ಲೂಕಿನವರಿಗೆ ಹೊಸದೇನೂ ಅಲ್ಲ. ಸುರಪುರದ ಅರಸ ಪಾಮನಾಯಕನ ಕಾಲದ್ದು ಎನ್ನುವ ಬೋನ್ಹಾಳ ಕೆರೆಯನ್ನು 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅಭಿವೃದ್ಧಿ ಮಾಡಿಸಿದ. ಅದು ಕಟ್ಟಿದ್ದು ಹಕ್ಕಿಗಾಗಿ ಅಲ್ಲ. ಇವತ್ತು ಪಕ್ಷಿಧಾಮ. ನೀರೂ ಇದೆ, ಹಕ್ಕಿಯೂ ಇದೆ.

ಕೊನೆಗೆ ಬಲೆಯ ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಿಂತ ಬಲೆಯಲ್ಲಿ ನೀರುಕಾಗೆ, ಹಾವಕ್ಕಿ ಸಿಕ್ಕಿ ಮುಳುಗಿ ಸಾಯುತ್ತವೆ. ಸಿಕ್ಕಿದ ಹಕ್ಕಿ ಒದ್ದಾಡಿ ಬಲೆಯೂ ಹರಿಯುತ್ತದೆ. ಬಲೆಯನ್ನು ಸಂಜೆ ಹಕ್ಕಿ ಹೋದ ಮೇಲೆ ಬಿಟ್ಟು, ಬೆಳಕು ಹರಿಯುವ ಮುಂಚೆ ಎತ್ತಿದರೆ ಈ ರಗಳೆ ಬಹಳ ಕಡಿಮೆಯಾಗುತ್ತದೆ. ಜೀವಂತ ಸಿಕ್ಕಿದ್ದರೆ ಮೊದಲು ಒಂದು ಟವೆಲ್ ತಲೆಯ ಮೇಲೆ ಹಾಕಿ. ಕತ್ತಲಾದರೆ ಸುಮ್ಮನಾಗುತ್ತದೆ. ಕೊಕ್ಕನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಿ, ಆದರೆ ಬಾಯಿ ಪೂರ್ತಿ ಬಿಗಿಯಬೇಡಿ. ಮೂಗಿನಿಂದ ಉಸಿರಾಡಲು ಬಾರದ ಹಕ್ಕಿ, ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ನಿಮ್ಮ ಮುಖದಿಂದ ದೂರ ಹಿಡಿಯಿರಿ, ಹಾವಕ್ಕಿಯಾದರೆ ಇನ್ನೂ ದೂರ. ಅದು ನೇರ ಕಣ್ಣಿಗೇ ತಿವಿಯುತ್ತದೆ. ಎಳೆದು ಬಿಡಿಸಲು ಹೋಗಬೇಡಿ, ರೆಕ್ಕೆ ಮುರಿಯುತ್ತದೆ. ಕತ್ತರಿಯಿಂದ ನಾಲ್ಕು ಕಣ್ಣು ಕತ್ತರಿಸಿ, ಬಲೆ ಆಮೇಲೆ ಹೊಲಿದುಕೊಳ್ಳಬಹುದು. ಬಿಡಿಸಿದ ಮೇಲೆ ನೀರಿಗೆ ಹಾಕದೆ ದಂಡೆಯ ಮೇಲೆ ಬಿಸಿಲು ಬೀಳುವ ಕಡೆ ಬಿಡಿ. ನಾಯಿ ಬರದಂತೆ ಒಬ್ಬರು ಸ್ವಲ್ಪ ಹೊತ್ತು ನೋಡಿಕೊಳ್ಳಲಿ. ಒದ್ದೆ ಆರಿದ ಮೇಲೆ ತಾನೇ ಎದ್ದು ಹೋಗುತ್ತದೆ.